ಮೊಟ್ಟೆ ಬೋರ್ಡಿನಲ್ಲಿ ಹತ್ತೊಂಬತ್ತು

ಶಾಲಾ ಕ್ರೀಡಾ ಅಂಕಿ-ಅಂಶ ಸಮತೋಲನ ಕೋಶ
(ವ್ಯಾಪ್ತಿ: ಶಿವಮೊಗ್ಗ ನಗರ ಮತ್ತು ಭದ್ರಾವತಿ)

ಸಂಖ್ಯೆ: ಶಾಕ್ರೀಸ/ಬ್ಯಾಸ್ಕೆಟ್/ಮೊಟ್ಟೆಯಿಂದ ಬೇರ್ಪಡಿಕೆ/೧೯/೨೦೨೫-೨೬
ದಿನಾಂಕ: ೧೬-೦೨-೨೦೨೬

ಸುತ್ತೋಲೆ

ವಿಷಯ: ಶಾಲಾ ಬ್ಯಾಸ್ಕೆಟ್‌ಬಾಲ್ ಪಂದ್ಯಗಳಲ್ಲಿ ಯಾರು ಎಷ್ಟು ಅಂಕ ಗಳಿಸಿದರು ಎಂಬುದನ್ನು ತರಬೇತುದಾರರು ಪ್ರಕಟಿಸದಿರುವ ಕುರಿತು.

ಉಲ್ಲೇಖ:
(೧) ಜನ್ನಾಪುರದ ಒಂದು ಪ್ರೌಢಶಾಲೆಯ ಬಿಸಿಯೂಟದ ಬೋರ್ಡ್, ದಿನಾಂಕ ೧೮-೦೯-೨೦೨೫ (ಅಳಿಸಲಾಗಿದೆ).
(೨) ಸದರಿ ಶಾಲೆಯ ಮೇಲುಸ್ತುವಾರಿ ಸಮಿತಿ ಅಧ್ಯಕ್ಷರಾದ ಶ್ರೀ ಶಿವಮೂರ್ತಪ್ಪನವರ ಮೊದಲ ದೂರು, ದಿನಾಂಕ ೧೯-೦೯-೨೦೨೫, ಬೆಳಿಗ್ಗೆ.
(೩) ಸದರಿಯವರದೇ ಎರಡನೇ ದೂರು, ಅದೇ ದಿನ, ಮಧ್ಯಾಹ್ನ.
(೪) ಹತ್ತನೇ ತರಗತಿಯ ಕುಮಾರಿ ಕವನ ಇವರ ಅರ್ಜಿ, ದಿನಾಂಕ ೨೯-೦೧-೨೦೨೬.

ಪ್ರಸ್ತಾವನೆ:

ಸದರಿ ಶಾಲೆಗೆ ಸ್ಕೋರ್‌ಬೋರ್ಡ್ ಇರಲಿಲ್ಲ.

ನೋಟೀಸ್ ಬೋರ್ಡ್ ಇತ್ತಾದರೂ ಅದರ ಗಾಜಿನ ಬಾಗಿಲಿನ ಬೀಗದ ಕೈ ಹಿಂದಿನ ಮುಖ್ಯ ಶಿಕ್ಷಕರ ಜೊತೆ ವರ್ಗಾವಣೆಯಾಗಿದೆ. ಆದ್ದರಿಂದ ದೈಹಿಕ ಶಿಕ್ಷಕರಾದ ಶ್ರೀ ಚಂದ್ರಹಾಸ ಇವರು, ಶಿವಮೊಗ್ಗದಲ್ಲಿ ಕುಂಸಿಯ ತಂಡದ ವಿರುದ್ಧ ನಡೆದ ಹೆಣ್ಣುಮಕ್ಕಳ ಪಂದ್ಯವನ್ನು ೪೧–೩೮ರಿಂದ ಗೆದ್ದ ಮರುದಿನ, ಶಾಲೆಯಲ್ಲಿ ಖಾಲಿ ಜಾಗವಿದ್ದ ಏಕೈಕ ಕಪ್ಪುಹಲಗೆಯ ಮೇಲೆ ಹನ್ನೆರಡು ಆಟಗಾರ್ತಿಯರ ಹೆಸರು ಮತ್ತು ಅವರವರ ಅಂಕಗಳನ್ನು ಸೀಮೆಸುಣ್ಣದಲ್ಲಿ ಬರೆದಿರುತ್ತಾರೆ. ಸದರಿ ಹಲಗೆಯು ಅಡುಗೆ ಕೋಣೆಯ ಹೊರಗೋಡೆಯಲ್ಲಿದ್ದು, ಅದರ ತಲೆಯ ಮೇಲೆ ಎಣ್ಣೆ ಬಣ್ಣದಲ್ಲಿ 'ಇಂದಿನ ಮೊಟ್ಟೆ ವಿವರ' ಎಂದು ಬರೆಯಲಾಗಿರುತ್ತದೆ.

ಆ ದಿನ ಬೋರ್ಡ್ ಈ ರೀತಿ ಇತ್ತು: ಹಾಜರಿ ೨೧೨. ಮೊಟ್ಟೆ ೧೪೦. ಬಾಳೆಹಣ್ಣು ೭೨. ಕವನ ೧೯. ಮೈತ್ರಿ ೦. ಶಾಂಭವಿ ೨. ಇತ್ಯಾದಿ.

ಅಂದು ಈ ಕಚೇರಿಯು ಮೊಟ್ಟೆ ತಪಾಸಣೆಯನ್ನೂ ನೋಡಿಕೊಳ್ಳುತ್ತಿದ್ದುದರಿಂದ, ಭೇಟಿ ನೀಡಿದ ಅಧಿಕಾರಿಗಳು ಸದರಿ ಬೋರ್ಡನ್ನು ಓದಿ, ಒಬ್ಬಳೇ ವಿದ್ಯಾರ್ಥಿನಿ ಒಂದೇ ಊಟಕ್ಕೆ ಹತ್ತೊಂಬತ್ತು ಮೊಟ್ಟೆ ಸೇವಿಸಿರುವುದನ್ನು ಗಮನಿಸಿದರು. ವಿಚಾರಿಸಲಾಗಿ, ಕವನ ಎಂಬುವವಳು ಮುಖ್ಯ ಅಡುಗೆಯವರಾದ ಶ್ರೀಮತಿ ಉಚ್ಚಂಗಮ್ಮನವರ ಮಗಳೆಂದು ತಿಳಿದುಬಂದಿತು. ಸ್ಥಳದಲ್ಲಿಯೇ ಕಾರಣ ಕೇಳಿ ನೋಟೀಸ್ ನೀಡಲಾಯಿತು. ಶ್ರೀಮತಿ ಉಚ್ಚಂಗಮ್ಮನವರ ಉತ್ತರವನ್ನು ನಿಯಮಾನುಸಾರ ಯಥಾವತ್ತಾಗಿ ದಾಖಲಿಸಲಾಗಿದೆ:

"ಹತ್ತೊಂಬತ್ತು ಮೊಟ್ಟೆ ತಿಂದೋಳು ಬಾಲ್ ಹಿಡ್ಕೊಂಡು ಓಡ್ತಾಳಾ ಸಾರ್? ಆಸ್ಪತ್ರೇಲಿ ಬಿದ್ದಿರ್ತಾಳೆ. ಅದು ಪಾಯಿಂಟು. ರಿಂಗಿನೊಳಗೆ ಹಾಕಿದ್ದು. ನಮ್ಮನೇಲಿ ಯಾರೂ ಯಾವತ್ತೂ ಹತ್ತೊಂಬತ್ತು ತಗೊಂಡಿಲ್ಲ, ಯಾವುದ್ರಲ್ಲೂ ತಗೊಂಡಿಲ್ಲ. ಮೊದಲನೇ ಸಲ ತಗೊಂಡ್ಲು, ನೀವು ನೋಟೀಸ್ ಕೊಟ್ರಿ."

ಉತ್ತರವು ಸಮಾಧಾನಕರವಾಗಿಲ್ಲವೆಂದು ಷರಾ ಬರೆಯಲಾಗಿದೆ.

ಮರುದಿನ ಬೆಳಿಗ್ಗೆ, ಓಲ್ಡ್ ಟೌನಿನಲ್ಲಿ ಹಾರ್ಡ್‌ವೇರ್ ಅಂಗಡಿ ಹೊಂದಿರುವ ಹಾಗೂ ಶಾಲೆಗೆ ಬ್ಯಾಸ್ಕೆಟ್‌ಬಾಲ್ ರಿಂಗನ್ನು (ಬಲೆ ರಹಿತ) ದಾನವಾಗಿ ನೀಡಿರುವ ಶ್ರೀ ಶಿವಮೂರ್ತಪ್ಪನವರು ತಮ್ಮ ಮಗಳು ಶಾಂಭವಿಯ ಹೆಸರಿನ ಮುಂದೆ ಎರಡು ಮೊಟ್ಟೆ ತೋರಿಸಿರುವುದನ್ನು ಖಂಡಿಸಿ ಮೊದಲ ದೂರನ್ನು ಸಲ್ಲಿಸಿದರು. ಅವರ ಮನೆಯಲ್ಲಿ ಮೊಟ್ಟೆ ತಿನ್ನುವ ರೂಢಿ ಇರುವುದಿಲ್ಲ. ದೂರಿನ ಸಾರಾಂಶ: ಎರಡು ಹೆಚ್ಚಾಯಿತು.

ಶ್ರೀ ಚಂದ್ರಹಾಸರು ಅವು ಮೊಟ್ಟೆಗಳಲ್ಲ, ಅಂಕಗಳು ಎಂದು ವಿವರಿಸಿದ ನಂತರ, ಅದೇ ಮಧ್ಯಾಹ್ನ ಎರಡನೇ ದೂರು ಸ್ವೀಕೃತವಾಯಿತು. ಸಾರಾಂಶ: ಎರಡು ಕಡಿಮೆಯಾಯಿತು. ಈ ಸಂದರ್ಭದಲ್ಲಿ ಅಧ್ಯಕ್ಷರು ಆಡಿದ ಮಾತುಗಳನ್ನು ಶಾಲೆಯ ಜವಾನರು ಬರೆದುಕೊಂಡಿರುತ್ತಾರೆ:

"ಏನ್ ಮಾರಾಯ್ರೇ ಮೇಷ್ಟ್ರೇ, ರಿಂಗ್ ಕೊಟ್ಟೋನು ನಾನು. ಆ ರಿಂಗಲ್ಲಿ ಕಲ್ತ ನನ್ನ ಮಗಳು ಎರಡೇ ಸಲ ಹಾಕಿದ್ದಾ? ಬೀದೀಲಿ ಹೋಗೋರೆಲ್ಲ ಓದ್ಕೊಂಡು ಹೋಗ್ತಾರೆ ಅಲ್ವಾ?"

ಶ್ರೀ ಚಂದ್ರಹಾಸರು "ಎರಡು ಸಲ ಅಲ್ಲ ಅಧ್ಯಕ್ಷರೇ, ಒಂದೇ ಸಲ. ಒಂದು ಸಲ ಬಿದ್ರೆ ಎರಡು ಅಂಕ. ಹದಿನಾಲ್ಕು ಸಲ ಎಸೆದಿದ್ಲು" ಎಂದು ಪ್ರಾಮಾಣಿಕವಾಗಿ ಉತ್ತರಿಸಿದ್ದು, ಪರಿಸ್ಥಿತಿ ಬಿಗಡಾಯಿಸಲು ಇದೇ ಕಾರಣವೆಂದು ಕಂಡುಬಂದಿದೆ.

ತದನಂತರ ಕುಮಾರಿ ಶಾಂಭವಿಯ ಹೇಳಿಕೆಯನ್ನೂ ಪಡೆಯಲಾಯಿತು. "ಒಂದೇ ಬಿದ್ದಿದ್ದು ಸಾರ್, ನಿಜ. ಅಪ್ಪನಿಗೆ ಗೊತ್ತಾಗಿದ್ರೆ ಆಗ್ಲಿ ಬಿಡಿ. ಬೋರ್ಡ್ ನೋಡಿದ್ಮೇಲೆ ದಿನಾ ಬೆಳಿಗ್ಗೆ ನಾನೂ ಕವನಾನೂ ಐವತ್ತು ಐವತ್ತು ಎಸೀತಿದೀವಿ. ಅಳಿಸ್ಬೇಡಿ" ಎಂಬುದು ಸದರಿ ಹೇಳಿಕೆ. ಇದು ದೂರುದಾರರ ಹಿತಕ್ಕೆ ಪೂರಕವಾಗಿಲ್ಲವಾದ್ದರಿಂದ ಕಡತದಿಂದ ಕೈಬಿಡಲಾಗಿದೆ.

ಸೊನ್ನೆ ಅಂಕದ ಕುಮಾರಿ ಮೈತ್ರಿಯು ಮಾತ್ರ ಬೋರ್ಡಿನ ಬಗ್ಗೆ ಆಕ್ಷೇಪಣೆ ಸಲ್ಲಿಸಿದ್ದು, ಅದು ಈ ಕೆಳಕಂಡಂತಿದೆ: "ಕುಂಸಿಯ ಆ ಉದ್ದದ ಹುಡುಗಿಗೆ ಎರಡನೇ ಅರ್ಧ ಪೂರ್ತಿ ನಾನು ಬಾಲ್ ಮುಟ್ಟೋಕೆ ಬಿಟ್ಟಿಲ್ಲ. ಬೋರ್ಡಲ್ಲಿ ನಂಗೆ ಸೊನ್ನೆ. ಅದೇನು ಲೆಕ್ಕ ಸಾರ್?" ಈ ಆಕ್ಷೇಪಣೆಯಲ್ಲಿ ಹುರುಳಿದೆಯೆಂದು ಭಾವಿಸಿ ಶ್ರೀ ಚಂದ್ರಹಾಸರು ಮರುದಿನವೇ 'ತಡೆದದ್ದು' ಎಂಬ ಹೊಸ ಸಾಲನ್ನು ಬೋರ್ಡಿಗೆ ಸೇರಿಸಿ, ಮೈತ್ರಿ ೧೧ ಎಂದು ಬರೆದಿರುತ್ತಾರೆ. ಒಂದು ತಪ್ಪನ್ನು ಪೂರ್ಣ ಮಾಹಿತಿ ನೀಡಿ ಸರಿಪಡಿಸುವ ಪ್ರವೃತ್ತಿಯನ್ನು ಈ ಕಚೇರಿಯು ಗಂಭೀರವಾಗಿ ಪರಿಗಣಿಸಿದೆ.

ಮೇಲ್ಕಂಡ ಎಲ್ಲ ಅಂಶಗಳನ್ನು ಕೂಲಂಕಷವಾಗಿ ಪರಿಶೀಲಿಸಿ, ಈ ಕೆಳಕಂಡ ಸೂಚನೆಗಳನ್ನು ಹೊರಡಿಸಲಾಗಿದೆ.

ಸೂಚನೆಗಳು:

೧. ಯಾವುದೇ ತರಬೇತುದಾರರು ಯಾವುದೇ ಆಟಗಾರ್ತಿಯ ವೈಯಕ್ತಿಕ ಅಂಕವನ್ನು ಬರೆದು, ಓದಿ, ಬೆರಳು ಮಡಚಿ ಅಥವಾ ಮುಖಭಾವದ ಮೂಲಕ ಪ್ರಕಟಿಸತಕ್ಕದ್ದಲ್ಲ.

೨. ತಂಡವು ಗಳಿಸಿದ ಒಟ್ಟು ಅಂಕಗಳನ್ನು ಬೆಂಚಿನ ಮೇಲೆ ಕುಳಿತವರೂ ಸೇರಿದಂತೆ ಹನ್ನೆರಡು ಮಂದಿಗೂ ಸಮನಾಗಿ ಹಂಚತಕ್ಕದ್ದು. ಅದರಂತೆ ಕುಂಸಿ ಪಂದ್ಯದಲ್ಲಿ ಪ್ರತಿಯೊಬ್ಬರ ಅಂಕ ೩.೪೧. ಭಾಗಿಸಿ ಉಳಿಯುವ ೦.೦೮ ಅಂಕವನ್ನು ಮುಖ್ಯ ಶಿಕ್ಷಕರು ಕಪಾಟಿನಲ್ಲಿ ಭದ್ರವಾಗಿ ಇಟ್ಟುಕೊಂಡು, ನಿವೃತ್ತಿಯ ಸಮಯದಲ್ಲಿ ಪ್ರಭಾರ ವರದಿಯೊಂದಿಗೆ ಹಸ್ತಾಂತರಿಸತಕ್ಕದ್ದು.

೩. ಸ್ಕೋರ್ ಬರೆಯುವವರು ಅಂಗಣಕ್ಕೆ ಬೆನ್ನು ಹಾಕಿ ಕೂರತಕ್ಕದ್ದು. ಚೆಂಡು ರಿಂಗಿನೊಳಗೆ ಹೋಯಿತೆಂಬುದನ್ನು ಜನರ ಗದ್ದಲದಿಂದ ಖಚಿತಪಡಿಸಿಕೊಳ್ಳಬಹುದು. ಗದ್ದಲವಿಲ್ಲದ ಪಂದ್ಯಗಳನ್ನು ಡ್ರಾ ಎಂದು ಪರಿಗಣಿಸಲಾಗುವುದು.

೪. ಜರ್ಸಿಯ ಸಂಖ್ಯೆಗಳು ಆಟಗಾರ್ತಿಯ ಗುರುತನ್ನು ಬಹಿರಂಗಪಡಿಸುತ್ತಿರುವುದರಿಂದ ಇನ್ನು ಮುಂದೆ ಹನ್ನೆರಡೂ ಜರ್ಸಿಗಳ ಮೇಲೆ ೭ ಎಂದೇ ಇರತಕ್ಕದ್ದು. ಫೌಲ್‌ಗಳನ್ನೂ ಸಮನಾಗಿ ಹಂಚುವುದು. ಐದನೇ ಫೌಲ್ ಆದಾಗ ಒಬ್ಬಳನ್ನೇ ಹೊರಗೆ ಕಳಿಸುವುದು ತಾರತಮ್ಯವಾದ್ದರಿಂದ ಎಲ್ಲರೂ ಸ್ವಲ್ಪ ಸ್ವಲ್ಪ ಹೊರಗೆ ಹೋಗತಕ್ಕದ್ದು.

೫. ಪಂದ್ಯ ನೋಡಲು ಬರುವ ಪೋಷಕರು "ಹಾಕೇ ಕವನಾ" ಎಂದು ಕೂಗಿರುವುದು ವರದಿಯಾಗಿದೆ. ಇದನ್ನು ಈ ಮೂಲಕ ನಿರ್ಬಂಧಿಸಲಾಗಿದೆ. ಪ್ರೋತ್ಸಾಹ ಅನಿವಾರ್ಯವೆನಿಸಿದಲ್ಲಿ "ಸಂಬಂಧಪಟ್ಟವರು ಹಾಕುವುದು" ಎಂದು ಕೂಗಬಹುದು.

೬. 'ತಡೆದದ್ದು' ಎಂಬ ಸಾಲನ್ನು ರದ್ದುಪಡಿಸಲಾಗಿದೆ. ಬೀಳದೇ ಹೋದ ಚೆಂಡು ಎದುರಾಳಿ ಶಾಲೆಯ ಸ್ವತ್ತಾಗಿದ್ದು, ಅದನ್ನು ಎಣಿಸಲು ಕುಂಸಿಯವರ ಲಿಖಿತ ಅನುಮತಿ ಅಗತ್ಯ.

೭. ರಿಂಗಿನ ಹಿಂದಿನ ಹಲಗೆಯ ಮೇಲೆ ಕೆಂಪು ಅಕ್ಷರಗಳಲ್ಲಿರುವ 'ದಾನಿಗಳು: ಶ್ರೀ ಶಿವಮೂರ್ತಪ್ಪ' ಎಂಬ ಬರಹವು ವೈಯಕ್ತಿಕ ಮಾಹಿತಿಯ ವ್ಯಾಪ್ತಿಗೆ ಬರುವುದಿಲ್ಲ. ಮಳೆಗೆ ಮಾಸಿರುವ ಅಕ್ಷರಗಳಿಗೆ ಮತ್ತೊಮ್ಮೆ ಬಣ್ಣ ಹಚ್ಚತಕ್ಕದ್ದು.

೮. ಶ್ರೀಮತಿ ಉಚ್ಚಂಗಮ್ಮನವರಿಗೆ ನೀಡಿದ ನೋಟೀಸನ್ನು ಹಿಂಪಡೆಯಲಾಗಿದೆ. ಆದರೆ ಸದರಿ ಹತ್ತೊಂಬತ್ತು ಮೊಟ್ಟೆಗಳನ್ನು ತಿಂದಿಲ್ಲ ಎಂಬುದಕ್ಕೆ ಮೊಟ್ಟೆಗಳನ್ನು ಹಾಜರುಪಡಿಸಲು ಅವರು ವಿಫಲರಾಗಿರುವುದರಿಂದ, ಸಂದೇಹದ ಲಾಭ ನೀಡಿ ಮಾತ್ರ ಹಿಂಪಡೆಯಲಾಗಿದೆ.

೯. ಕುಮಾರಿ ಕವನ ಇವರು ಕ್ರೀಡಾ ಹಾಸ್ಟೆಲೊಂದರಲ್ಲಿ ಭದ್ರಾವತಿ ತಾಲ್ಲೂಕಿಗೆ ಮೀಸಲಾದ ಒಂದು ಸೀಟಿಗೆ ಅರ್ಜಿ ಸಲ್ಲಿಸಿರುತ್ತಾರೆ. ಆಯ್ಕೆಯ ಆಟಕ್ಕೆ ಕರೆಯಬೇಕಾದರೆ ಪಂದ್ಯವೊಂದಕ್ಕೆ ಸರಾಸರಿ ಹತ್ತು ಅಂಕವಿರಬೇಕು ಮತ್ತು ತರಬೇತುದಾರರು ಪ್ರಕಟಿಸಿದ ವೈಯಕ್ತಿಕ ಪಟ್ಟಿಯನ್ನು ಲಗತ್ತಿಸಬೇಕು. ಅರ್ಜಿಯೊಂದಿಗೆ ಶ್ರೀ ಚಂದ್ರಹಾಸರು ಐದು ಪಂದ್ಯಗಳ ಪಟ್ಟಿಯನ್ನು ಸ್ವಹಸ್ತದಲ್ಲಿ ಬರೆದು, ಸಹಿ ಮಾಡಿ, ಸರಾಸರಿ ೧೭ ಎಂದು ದೃಢೀಕರಿಸಿದ್ದರು. ವೈಯಕ್ತಿಕ ಪಟ್ಟಿ ನಿಷಿದ್ಧವಾದ್ದರಿಂದ ಅದನ್ನು ತೆಗೆದುಹಾಕಿ, ಕಂಡಿಕೆ ೨ರಂತೆ ೩.೪೧ ಎಂದು ಕೆಂಪು ಶಾಯಿಯಲ್ಲಿ ತಿದ್ದಲಾಯಿತು. ತರುವಾಯ, ಪಟ್ಟಿ ಲಗತ್ತಿಸಿಲ್ಲದ ಹಾಗೂ ಅಂಕ ಕಡಿಮೆ ಇರುವ ಕಾರಣಗಳಿಂದ ಅರ್ಜಿಯನ್ನು ತಿರಸ್ಕರಿಸಲಾಗಿದೆ. ಈ ಬಗ್ಗೆ ಕಚೇರಿಗೆ ಬಂದು ವಿಚಾರಿಸಿದ ಅರ್ಜಿದಾರರು "ಹಾಗಾದ್ರೆ ಒಂದು ಬಾಲ್ ಕೊಡಿ ಸಾರ್, ಇಲ್ಲೇ ಹಾಕಿ ತೋರಿಸ್ತೀನಿ" ಎಂದಿರುತ್ತಾರೆ. ಕಚೇರಿಯಲ್ಲಿ ಬಾಲ್ ಇರಲಿಲ್ಲ. ರಿಂಗೂ ಇರಲಿಲ್ಲ. ಅರ್ಜಿದಾರರು ಸುಮಾರು ಒಂದು ಗಂಟೆ ಬೆಂಚಿನ ಮೇಲೆ ಕುಳಿತಿದ್ದು, ನಂತರ ಜನ್ನಾಪುರದ ಬಸ್ಸಿಗೆ ಹೋದರು.

೧೦. ಬೇರೆ ಯಾರೂ ಅರ್ಜಿ ಸಲ್ಲಿಸಿಲ್ಲದ ಕಾರಣ, ಅರ್ಹರು ಲಭ್ಯವಿಲ್ಲವೆಂದು ಷರಾ ಬರೆದು ಸದರಿ ಸೀಟನ್ನು ಹಿಂದಿರುಗಿಸಲಾಗಿದೆ.

೧೧. ಈ ಸುತ್ತೋಲೆಯು ೧೭-೦೯-೨೦೨೫ರಿಂದ, ಅಂದರೆ ಸದರಿ ಪಂದ್ಯದ ಮೊದಲನೇ ಶೀಟಿಯಿಂದ, ಪೂರ್ವಾನ್ವಯವಾಗಿ ಜಾರಿಯಲ್ಲಿರುತ್ತದೆ.

ಸಹಿ/-
(ವೈಯಕ್ತಿಕ ಹೆಸರು ಪ್ರಕಟಿಸುವಂತಿಲ್ಲ)
ವಿಶೇಷ ಅಧಿಕಾರಿ (ಪ್ರಭಾರ)
ಶಾಲಾ ಕ್ರೀಡಾ ಅಂಕಿ-ಅಂಶ ಸಮತೋಲನ ಕೋಶ

ಪ್ರತಿ:
೧. ಶ್ರೀ ಚಂದ್ರಹಾಸ, ದೈಹಿಕ ಶಿಕ್ಷಕರು: ಎಚ್ಚರಿಕೆಗಾಗಿ. ಸೀಮೆಸುಣ್ಣದ ಡಬ್ಬಿಯನ್ನು ಮುಖ್ಯ ಶಿಕ್ಷಕರಿಗೆ ಒಪ್ಪಿಸಿ ಸ್ವೀಕೃತಿ ಪಡೆಯುವುದು.
೨. ಶ್ರೀ ಶಿವಮೂರ್ತಪ್ಪ, ಅಧ್ಯಕ್ಷರು: ಗೌರವಪೂರ್ವಕವಾಗಿ. ತಮ್ಮ ಮಗಳ ಅಂಕವು ೨ರಿಂದ ೩.೪೧ಕ್ಕೆ ಏರಿರುವುದನ್ನು ತಿಳಿಸಲು ಹರ್ಷವಾಗುತ್ತದೆ.
೩. ಶ್ರೀಮತಿ ಉಚ್ಚಂಗಮ್ಮ, ಮುಖ್ಯ ಅಡುಗೆಯವರು: ಅಳಿಸಲಾದ ಬೋರ್ಡನ್ನು ಮತ್ತೊಮ್ಮೆ ಒದ್ದೆ ಬಟ್ಟೆಯಿಂದ ಒರೆಸಿ ವರದಿ ಮಾಡಲು.
೪. ಕುಮಾರಿ ಕವನ: ಒಬ್ಬರಿಗೇ ಪ್ರತಿ ನೀಡಲು ಅವಕಾಶವಿಲ್ಲದ್ದರಿಂದ ಒಂದು ಪ್ರತಿಯನ್ನು ಹನ್ನೆರಡು ಸಮನಾದ ತುಂಡುಗಳಾಗಿ ಹರಿದು ತಂಡಕ್ಕೆ ಹಂಚುವುದು.
೫. ಮೊಟ್ಟೆ ವಿಭಾಗ: ಮಾಹಿತಿಗಾಗಿ. ಎಣಿಕೆ ಸರಿ ಇದೆ.
೬. ದಾಸ್ತಾನು ವಿಭಾಗ: ಈ ಪ್ರಕರಣದಲ್ಲಿ ಉಂಟಾದ ನಷ್ಟದ ವಿವರವನ್ನು ಕೋರಿರುವುದರಿಂದ ಕೆಳಗೆ ನೀಡಲಾಗಿದೆ.

ಅಳಿಸಿದ ಹೆಸರು: ಹನ್ನೆರಡು.
ಅಳಿಸಿದ ಅಂಕ: ನಲವತ್ತೊಂದು.
ಬೆಳಗಿನ ಅಭ್ಯಾಸಕ್ಕೆ ಬರುವುದನ್ನು ನಿಲ್ಲಿಸಿದವರು: ಇಬ್ಬರು.
ಮೊಟ್ಟೆ: ಇಲ್ಲ.
ಸೀಟು: ಒಂದು.