ಡ್ರ್ಯಾಗನ್ ಬೆಟ್ಟದ ಖಾನಾವಳಿ

ವೆಂಡೆಲ್‌ನ ಕಷ್ಟಕ್ಕೆಲ್ಲ ಮೂಲ ಒಂದು ಪಾತ್ರೆ ಸಾರು.

ನವೆಂಬರಿನಲ್ಲಿ ಊರಿನ ಕೆರೆ ಹೆಪ್ಪುಗಟ್ಟಿದ ಮೇಲೆ ಅವನ ಮನೆಯ ನೆಲಮಾಳಿಗೆಯಲ್ಲಿ ಶನಿವಾರದ ಆಟ ಶುರುವಾಗಿತ್ತು. ವೆಂಡೆಲ್ ಕತೆ ನಡೆಸುವವನು, ಉಳಿದ ಮೂವರು ಕತೆಯೊಳಗಿನ ವೀರರು. ಎದುರಾದ ಆಪತ್ತಿಗೆ ಏನು ಮಾಡುತ್ತೇವೆಂದು ಅವರು ಹೇಳಬೇಕು, ಕೈಗೂಡುತ್ತದೋ ಇಲ್ಲವೋ ಎಂಬುದನ್ನು ದಾಳ ತೀರ್ಮಾನಿಸುತ್ತದೆ. ಮೊದಲ ದಿನ ವೀರರನ್ನು ಬೆಟ್ಟದ ಬುಡದ ಒಂದು ಪಾಳುಮನೆಯಲ್ಲಿ ತಂಗಿಸಿದ್ದ. ಮರುದಿನ ಬೆಟ್ಟ ಹತ್ತಬೇಕು. ಮೇಲೆ ಡ್ರ್ಯಾಗನ್ ಇದೆಯೆಂಬುದು ಅವನೊಬ್ಬನಿಗೇ ಗೊತ್ತಿದ್ದ ಗುಟ್ಟು.

ಆದರೆ ಆ ಮೂವರಲ್ಲೊಬ್ಬಳಾದ ಡೋರೀನ್ ಆಟದ ಆ ಪಾಳುಮನೆಯಲ್ಲೇ ಒಲೆ ಹಚ್ಚಿ ಸಾರು ಕುದಿಸಿದಳು. ದಾರಿಹೋಕನೊಬ್ಬ ವಾಸನೆ ಹಿಡಿದು ಬಂದ, ಅವನಿಗೊಂದು ಬಟ್ಟಲು ಮಾರಿದಳು. ಅವತ್ತು ಶುರುವಾದ ಖಾನಾವಳಿ ಚಳಿಗಾಲವಿಡೀ ನಡೆಯಿತು, ಬೆಟ್ಟದ ಕಡೆ ಯಾರೂ ಮುಖ ಹಾಕಲಿಲ್ಲ. ಡೋರೀನ್ ಸಾಮಾನ್ಯಳಲ್ಲ. ವಿಸ್ಕಾನ್ಸಿನ್ನಿನ ಆ ಸೀಮೆಯಲ್ಲಿ ಹಸು, ಟ್ರ್ಯಾಕ್ಟರು, ಸತ್ತವರ ಮಂಚ, ಎಲ್ಲವನ್ನೂ ಹರಾಜು ಕೂಗಿ ಪಳಗಿದ ಗಂಟಲು ಅವಳದು. ಹಿಮ ತೆಗೆಯುವ ಲಾರಿ ಓಡಿಸುವ ಮರ್ಲ್ ಆಟದಲ್ಲಿ ಮಹಾಯೋಧ; ಈಗ ಯುದ್ಧದ ಕೊಡಲಿಯಲ್ಲಿ ಈರುಳ್ಳಿ ಹೆಚ್ಚುತ್ತಿದ್ದ. ಗ್ರಂಥಾಲಯದ ಲೋರ್ನಾ ಮಂತ್ರಗಾತಿ; ಮಂತ್ರ ಹಾಕಿ ಬಿಯರ್ ತಂಪಾಗಿಡುತ್ತಿದ್ದಳು. ಅವಳ ಕೈಯಲ್ಲಿ ಸದಾ ಹಸಿರು ಉಲ್ಲನ್ನಿನ ಹೆಣಿಗೆ. ಮೊಮ್ಮಗಳ ಗೊಂಬೆಗಿರಬೇಕು ಎಂದುಕೊಂಡು ವೆಂಡೆಲ್ ಸುಮ್ಮನಿದ್ದ.

ಅವನ ಸಂಕಟ ಬೇರೆಯೇ ಇತ್ತು. ಚಳಿಗಾಲವೆಲ್ಲ ಗ್ಯಾರೇಜಿನಲ್ಲಿ ಕೂತು ಗೇಣುದ್ದದ ಒಂದು ಡ್ರ್ಯಾಗನ್ ಗೊಂಬೆಗೆ ಚಿಪ್ಪು ಚಿಪ್ಪಿಗೂ ಬಣ್ಣ ಬಳಿದು, ಬೂಟಿನ ಡಬ್ಬದಲ್ಲಿ ಬಚ್ಚಿಟ್ಟಿದ್ದ. ಇವತ್ತು ಕೊನೆಯ ಶನಿವಾರ. ಕೆರೆಯ ಮಂಜುಗಡ್ಡೆ ಕರಗತೊಡಗಿತ್ತು. ಇನ್ನು ಮರ್ಲ್ ದೋಣಿ ಹಿಡಿಯುತ್ತಾನೆ, ಡೋರೀನ್ ಹರಾಜಿಗೆ ಹೋಗುತ್ತಾಳೆ. ಇವತ್ತು ಯುದ್ಧವಾಗದಿದ್ದರೆ ಡ್ರ್ಯಾಗನ್‌ಗೆ ಮುಂದಿನ ನವೆಂಬರಿನವರೆಗೆ ಡಬ್ಬವೇ ಗತಿ. ಖಾನಾವಳಿ ಮುಳುಗಿದರೆ ವೀರರು ವಿಧಿಯಿಲ್ಲದೆ ಬೆಟ್ಟ ಹತ್ತುತ್ತಾರೆ ಎಂದು ಲೆಕ್ಕ ಹಾಕಿದ.

"ರಾಜಾಜ್ಞೆ ಬಂದಿದೆ," ಎಂದ ಗಂಭೀರವಾಗಿ. "ಇವತ್ತಿಂದ ಕಾಡಲ್ಲಿ ಒಂದು ಕಡ್ಡಿ ಕಟ್ಟಿಗೇನೂ ಕಡಿಯೋ ಹಾಗಿಲ್ಲ."

"ಅಯ್ಯೋ ಪಾಪ," ಎಂದಳು ಡೋರೀನ್. "ಇರೋದ್ರಲ್ಲಿ ಇವತ್ತು ನಡೆಸೋಣ. ಆಮೇಲೆ ಏನಾದ್ರೂ ಸಿಗುತ್ತೆ."

ಲೋರ್ನಾ ತಲೆಯೆತ್ತದೆ ಇನ್ನೊಂದು ಸಾಲು ಹೆಣೆದಳು.

ವೆಂಡೆಲ್ ದರೋಡೆಕೋರರ ಗುಂಪನ್ನೇ ನುಗ್ಗಿಸಿದ. "ಬಾಗಿಲು ಒಡೀತು! ಎಲ್ಲರ ಕೈಯಲ್ಲೂ ಕತ್ತಿ! ಏನ್ಮಾಡ್ತೀರಿ?"

"ಊಟ ಆಯ್ತೇನ್ರಪ್ಪಾ ಅಂತ ಕೇಳ್ತೀನಿ," ಎಂದು ಮರ್ಲ್ ದಾಳ ಎಸೆದ. ದಾಳವೂ ಅವನ ಪಕ್ಷವೇ ಸೇರಿತು.

ದರೋಡೆಕೋರರು ಹೊಟ್ಟೆ ತುಂಬ ಉಂಡರು, ಕೊಡಲು ಕಾಸಿರಲಿಲ್ಲ, ಪಾತ್ರೆ ತೊಳೆಯಲು ನಿಂತರು. ಡೋರೀನ್ ಅಷ್ಟಕ್ಕೇ ಬಿಡಲಿಲ್ಲ. "ಯಾವ ವ್ಯಾಪಾರಿ ಯಾವ ದಾರೀಲಿ ಯಾವಾಗ ಬರ್ತಾನೆ ಅಂತ ಇವರಿಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಕಾವಲಿಗೆ ಇವರೇ ಇರ್ಲಿ, ಗಿರಾಕಿ ಕರ್ಕೊಂಡು ಬರೋಕೂ ಇವರೇ ಇರ್ಲಿ. ಎಲ್ಲರಿಗೂ ನಮ್ಮ ಖಾನಾವಳಿಯ ಹಸಿರು ಅಂಗಿ ಹಾಕ್ಸಿ."

ಭಲೇ ಹೆಂಗಸೇ ಎಂದು ವೆಂಡೆಲ್‌ನ ಮನಸ್ಸು ಕೈಮುಗಿಯಿತು. ಬಾಯಿ ಮಾತ್ರ, "ಹಿಮಪಾತ! ದಾರಿಯೆಲ್ಲ ಮುಚ್ಚಿಹೋಯ್ತು!" ಎಂದು ಕಿರುಚಿತು.

"ಆಹಾ!" ಮರ್ಲ್ ಮೇಜು ಕುಟ್ಟಿದ. "ಹೊರಗೆ ಹೋಗೋ ಹಾಗಿಲ್ಲ ಅಂದ್ರೆ ಒಳಗಿರೋರೆಲ್ಲ ಮೂರು ಹೊತ್ತೂ ಇಲ್ಲೇ ಉಣ್ಬೇಕು ಮಾರಾಯ!"

ಅಷ್ಟರಲ್ಲಿ ವೆಂಡೆಲ್‌ನ ಹೆಂಡತಿ ಆರ್ಲೀನ್ ಕರಿದ ಚೀಸಿನ ತಟ್ಟೆ ಹಿಡಿದು ಮೆಟ್ಟಿಲಿಳಿದಳು. "ಏನ್ರೀ ನೀವು, ಚೆನ್ನಾಗಿ ನಡೀತಿರೋ ವ್ಯಾಪಾರಕ್ಕೆ ಯಾಕೆ ಕಲ್ಲು ಹಾಕ್ತೀರಿ?"

ವೆಂಡೆಲ್‌ಗೆ ತಡೆಯಲಾಗಲಿಲ್ಲ. ನೀವು ಬೆಟ್ಟ ಹತ್ತದಿದ್ದರೆ ಬೆಟ್ಟವೇ ಇಳಿದು ಬರಲಿ ಎಂದು ಡಬ್ಬ ತೆರೆದು ಡ್ರ್ಯಾಗನ್ನನ್ನು ಮೇಜಿನ ನಟ್ಟನಡುವೆ ನಿಲ್ಲಿಸಿದ. ಕೆಂಪು ಚಿಪ್ಪುಗಳು ದೀಪಕ್ಕೆ ಮಿರುಗಿದವು. ನಿಜಕ್ಕೂ ಕಣ್ಣು ಕೀಳಲಾಗದಷ್ಟು ಚೆನ್ನಾಗಿತ್ತು.

"ಯಾರದು," ಎಂದು ಡ್ರ್ಯಾಗನ್ನಿನ ದನಿಯಲ್ಲಿ ಗುಡುಗಿದ, "ನನ್ನ ಬೆಟ್ಟದ ಬುಡದಲ್ಲಿ ಈರುಳ್ಳಿ ಹುರೀತಿರೋದು?"

ಯಾರೂ ಕತ್ತಿ ಹಿರಿಯಲಿಲ್ಲ. ಡೋರೀನ್ ಕನ್ನಡಕ ಏರಿಸಿ, ಹರಾಜಿಗೆ ಬಂದ ಎತ್ತನ್ನು ನೋಡುವಂತೆ ಸುತ್ತಲೂ ನೋಡಿದಳು. "ಒಂದ್ಸಲ ಉಸಿರು ಬಿಟ್ರೆ ಆರು ಒಲೆ ಉರಿಯುತ್ತಾ?"

"ಆರು? ಅರವತ್ತು!"

"ಅಷ್ಟೆಲ್ಲ ಆಗ್ಲಿಕ್ಕಿಲ್ಲ ಬಿಡಪ್ಪ, ವಯಸ್ಸಾಗಿದೆ ಪಾಪ. ವಾರಕ್ಕೊಂದು ಕುರಿ ಕೊಡ್ಬಹುದು."

ವೆಂಡೆಲ್‌ಗೆ ಮೈಯೆಲ್ಲ ಉರಿದುಹೋಯಿತು. ಚಳಿಗಾಲವೆಲ್ಲ ಕಣ್ಣು ನೋಯಿಸಿಕೊಂಡು ಬಣ್ಣ ಬಳಿದ ಜೀವಕ್ಕೆ ಒಂದೇ ಒಂದು ಕುರಿಯೇ? "ನನ್ನ ಚಿಪ್ಪು ನೋಡಿ! ನನ್ನ ರೆಕ್ಕೆ ನೋಡಿ! ನನ್ನನ್ನ ಏನಂದ್ಕೊಂಡಿದ್ದೀರಿ?"

"ಎರಡು."

"ನಾಲ್ಕು!"

"ಮೂರು. ಭಾನುವಾರ ರಜಾ."

"ನಾಲ್ಕಕ್ಕೆ ಕಡಿಮೆ ಇಲ್ಲ! ಭಾನುವಾರದ ರಜಾನೂ ಬೇಕು!"

ಡೋರೀನ್‌ಳ ಅಂಗೈ ಮೇಜಿನ ಮೇಲೆ ಬಿತ್ತು. "ನಾಲ್ಕು ಒಂದ್ಸಲ, ನಾಲ್ಕು ಎರಡ್ಸಲ, ನಾಲ್ಕು ಮೂರ್ಸಲ! ಆಯ್ತು! ನಾಳೆಯಿಂದ ಕೆಲಸಕ್ಕೆ ಬಾ."

ಡ್ರ್ಯಾಗನ್ನನ್ನು ತಾನೇ ಕೂಲಿಗೆ ಒಪ್ಪಿಸಿಬಿಟ್ಟೆನೆಂದು ವೆಂಡೆಲ್‌ಗೆ ಆಗ ಹೊಳೆಯಿತು. ಆಟದಲ್ಲಿ ಒಮ್ಮೆ ಆಡಿದ ಮಾತು ಆಡಿದ್ದೇ, ಅದು ಅವನೇ ಮಾಡಿದ ಕಟ್ಟಳೆ.

ಲೋರ್ನಾ ಹಲ್ಲಿನಲ್ಲಿ ಉಲ್ಲನ್ ಕತ್ತರಿಸಿ ಹೆಣಿಗೆಯನ್ನು ಮೇಜಿನ ಮೇಲೆ ಹರಡಿದಳು. ಪುಟ್ಟದೊಂದು ಹಸಿರು ಅಂಗಿ. ಬೆನ್ನಿನ ಮೇಲೆ ಎರಡು ಉದ್ದನೆಯ ಸೀಳು. ಗೊಂಬೆಯ ಅಂಗಿಗೆ ಬೆನ್ನಲ್ಲಿ ಸೀಳು ಯಾಕೆಂದು ವೆಂಡೆಲ್ ಒಂದು ಗಳಿಗೆ ಯೋಚಿಸಿದ. ಆಮೇಲೆ ಡ್ರ್ಯಾಗನ್ನಿನ ರೆಕ್ಕೆಗಳನ್ನು ನೋಡಿದ.

"ನಿಮಗೆ... ಯಾವಾಗ ಗೊತ್ತಾಯ್ತು?"

"ನವೆಂಬರಲ್ಲೇ ಕಣೋ," ಎಂದಳು ಡೋರೀನ್. "ಖಾನಾವಳಿಗೆ ಬೇರೆ ಕಡೆ ಜಾಗ ಇರ್ಲಿಲ್ವಾ? ಒಲೆ ಹೂಡೋ ಮೊದಲು ಬೆಂಕಿ ಎಲ್ಲಿ ಸಿಗುತ್ತೆ ಅಂತ ನೋಡ್ಬೇಕಲ್ಲ."

ವೆಂಡೆಲ್ ಹೆಂಡತಿಯ ಕಡೆ ತಿರುಗಿದ. ಆರ್ಲೀನ್ ಚೀಸಿನ ತಟ್ಟೆಯನ್ನೇ ನೋಡುತ್ತಿದ್ದಳು. "ಅವರು ಕೇಳಿದ್ರು, ಹೇಳ್ದೆ. ಅಳತೆ ಕೊಡೋದಷ್ಟೇ ಅಲ್ವಾ ನಾನು ಮಾಡಿದ್ದು?"

ಕೋಪ ಮಾಡಿಕೊಳ್ಳಬೇಕೆಂದು ವೆಂಡೆಲ್‌ಗೆ ತುಂಬ ಆಸೆಯಿತ್ತು. ಆದರೆ ಇಂಥ ಜನ ಇನ್ನೆಲ್ಲಿ ಸಿಕ್ಕಾರು ಎಂದು ಎದೆಯುಬ್ಬಿ ಬಂತು, ಅದರ ಮುಂದೆ ಕೋಪ ನಿಲ್ಲಲಿಲ್ಲ. ಕೈ ತಾನಾಗಿಯೇ ಅಂಗಿಯನ್ನು ಎತ್ತಿಕೊಂಡಿತು. ಒಂದೊಂದೇ ರೆಕ್ಕೆಯನ್ನು ಸೀಳಿನೊಳಗೆ ಹುಷಾರಾಗಿ ತೂರಿಸಿ, ಎದೆಯ ಗುಂಡಿ ಹಾಕಿದ. ಕೊನೆಯ ಗುಂಡಿ ಮಾತ್ರ ಕೂಡಲಿಲ್ಲ.

"ಹೊಟ್ಟೆ ಹತ್ರ ಸ್ವಲ್ಪ ಬಿಗಿ," ಎಂದ ಸಣ್ಣ ದನಿಯಲ್ಲಿ.

"ನಾನೇನು ಮಾಡ್ಲಿ?" ಎಂದಳು ಲೋರ್ನಾ. "ಮೂರು ಕುರಿಗೇ ಒಪ್ಪಿಸ್ತೀನಿ ಅಂದಿದ್ದಳು ಡೋರೀನ್. ಆ ಅಳತೆಗೇ ಹೆಣೆದಿದ್ದೆ."