ಬೆನ್ನಿನ ಸ್ಕ್ರೂ ಹಲ್ಲಿಗೆ ಹೋದದ್ದು

ಆಸ್ಪತ್ರೆಯ ಬಿಲ್ಲಿಂಗ್ ಕೌಂಟರಿನ ಮುಂದೆ ನಿಂತು ಮೆಲ್ಲಗೆ ಮಾತಾಡಬಲ್ಲವರು ಯಾರಾದರೂ ಇದ್ದರೆ ಹೇಳಿ, ಅವರ ಕಾಲಿಗೆ ಬೀಳುತ್ತೇನೆ. ನನ್ನಿಂದಂತೂ ಆಗಲಿಲ್ಲ. ಸಿಟ್ಟು ಬಂದರೆ ನನ್ನ ಗಂಟಲು ನಮ್ಮೂರು ಬಾಳೂರಿನ ಇಡೀ ತೋಟಕ್ಕೆ ಕೇಳುವಂಥದ್ದು.

ನನ್ನ ಹೆಂಡತಿ ವಿಮಲಾ ಮೆಣಸು ಕೊಯ್ಯುವ ಏಣಿಯಿಂದ ಬಿದ್ದು ಬೆನ್ನುಮೂಳೆ ಮುರಿದುಕೊಂಡಳು. ಘಟ್ಟ ಇಳಿಸಿ ಮಂಗಳೂರಿನ ಆಸ್ಪತ್ರೆಯೊಂದಕ್ಕೆ ಸೇರಿಸಿದೆ. ಡಾಕ್ಟರು ರಾಡು, ಸ್ಕ್ರೂ ಹಾಕಿ ಮೂಳೆಯನ್ನೇನೋ ನಿಲ್ಲಿಸಿದರು. ಅವಳನ್ನು ನಿಲ್ಲಿಸಲು ಆಗಲಿಲ್ಲ. ಮತ್ತೆ ಮುರಿದೀತೆಂಬ ಹೆದರಿಕೆಗೆ ವಾಕರ್ ಮುಟ್ಟಲೂ ಒಲ್ಲಳು. ವ್ಯಾಯಾಮ ಮಾಡಿಸುವ ಹುಡುಗಿ ಬೇಡಿಕೊಂಡಳು, ಡಾಕ್ಟರು ಗದರಿದರು, ವಿಮಲಾ ಅತ್ತಳು. ಕೊನೆಗೆ, ಮನೆಗೆ ಹೋದರೆ ಧೈರ್ಯ ಬಂದೀತೆಂದು ಡಿಸ್ಚಾರ್ಜ್ ಬರೆದರು.

ನಮ್ಮ ಜೀಪು ಬಂದು ಬಾಗಿಲಲ್ಲಿ ನಿಂತಿತ್ತು. ಕೌಂಟರಿನ ಯುವಕ ಕಂಪ್ಯೂಟರ್ ನೋಡಿ, "ಇನ್ಶೂರೆನ್ಸಿನವರು ಒಪ್ಪಲಿಲ್ಲ ಸರ್. ಹಲ್ಲಿಗೆ ನಿಮ್ಮ ಪಾಲಿಸಿಯಲ್ಲಿ ಅವಕಾಶ ಇಲ್ವಂತೆ" ಎಂದ.

"ಯಾರ ಹಲ್ಲು?"

"ಪೇಷೆಂಟಿಂದು. ಬಿಲ್ಲಲ್ಲಿರೋ ಸ್ಕ್ರೂವಿನ ಕೋಡ್ ನಂಬರು ಹಲ್ಲಿಂದು ಅಂತ ತೋರಿಸ್ತಿದೆ."

ಎಕ್ಸ್‌ರೇ ತೆಗೆದು ಟ್ಯೂಬ್‌ಲೈಟಿಗೆ ಹಿಡಿದೆ. ಸ್ಕ್ರೂಗಳು ಬೇಲಿಗೂಟದ ಹಾಗೆ ಸಾಲಾಗಿ ಕಂಡವು. "ಇದು ಹಲ್ಲಾ ಮಾರಾಯ? ಇಷ್ಟುದ್ದದ ಹಲ್ಲು ಆನೆಗಿರ್ತದೆ!"

"ನಂಗೆ ಕಾಣ್ತದೆ ಸರ್. ಸಿಸ್ಟಮ್ಮಿಗೆ ಕೋಡ್ ನಂಬರು ಮಾತ್ರ ಕಾಣೋದು."

ಆಮೇಲೆ ನಾನು ಆಡಿದ ಮಾತುಗಳಲ್ಲಿ ಅಚ್ಚು ಹಾಕಬಹುದಾದದ್ದು ಒಂದೇ: ಬೆನ್ನು ಮುರಿದ ಹೆಂಗಸನ್ನು ಅಂಕಿಗೆ ಒತ್ತೆ ಇಟ್ಟುಕೊಳ್ಳಲು ನಾಚಿಕೆಯಾಗುವುದಿಲ್ಲವೇ ಎಂದದ್ದು. ಸಾಲಿನಲ್ಲಿದ್ದವರು ಹಿಂದೆ ಸರಿದರು, ಸೆಕ್ಯೂರಿಟಿಯವನು ಹತ್ತಿರ ಬಂದ.

"ಸಾಕು ಮಾಡಿ ಮಾರಾಯ್ರೆ!"

ತಿರುಗಿದರೆ ವಿಮಲಾ! ವಾಕರ್ ಊರಿಕೊಂಡು ವಾರ್ಡಿನಿಂದ ನಡೆದೇ ಬಂದಿದ್ದಳು. ಜೊತೆಗೆ ವ್ಯಾಯಾಮದ ಹುಡುಗಿ, ನಂಬಲಾಗದೆ ನೋಡುತ್ತ. ವಿಮಲಾ ಕೌಂಟರಿನ ಕಿಂಡಿಗೆ ಮುಖವಿಟ್ಟು ಬಾಯಿ ಅಗಲಿಸಿದಳು. "ನೋಡಪ್ಪ, ಹಲ್ಲೆಲ್ಲ ನನ್ನವೇ!"

ಸಾಲಿಗೆ ಸಾಲೇ ನಕ್ಕಿತು. ನಗು ಕೇಳಿ ಒಳಗಿನಿಂದ ಬಂದ ಹಿರಿಯ ಅಧಿಕಾರಿಣಿ ಫೈಲಿಗೆ ಅಂಟಿಸಿದ್ದ ಸ್ಕ್ರೂ ಪ್ಯಾಕೆಟ್ಟಿನ ಲೇಬಲ್ ನೋಡಿ, ಒಂದು ಅಂಕಿ ಅಳಿಸಿ ಇನ್ನೊಂದು ಒತ್ತಿದರು. ಸಂಜೆಯೊಳಗೆ ಒಪ್ಪಿಗೆ ಬಂತು. ಒಂದೇ ಒಂದು ಅಂಕಿ! ಚಾರ್ಮಾಡಿ ಘಾಟಿ ಹತ್ತುವವರೆಗೂ ಬೈಯುತ್ತಲೇ ಇದ್ದೆ. ಕೊನೆಗೆ, "ಆದ್ರೂ ನಾನು ಕೂಗಿದ್ದಕ್ಕೇ ಅಲ್ವಾ ನೀನು ನಡೆದದ್ದು?" ಎಂದೆ.

"ಹೌದು, ನಿಮ್ಮ ಬಾಯಿ ಮುಚ್ಚಿಸ್ಲಿಕ್ಕೆ ಅಲ್ಲಿ ಬೇರೆ ಯಾರಿದ್ರು?" ದಿಂಬಿಗೆ ಒರಗಿದ್ದ ವಿಮಲಾ ಕಣ್ಣು ಮುಚ್ಚಿಯೇ ಹೇಳಿದಳು. "ಡಾಕ್ಟ್ರು ಸ್ಕ್ರೂ ಹಾಕಿದ್ದು ನಂಗೆ. ಲೂಸಾಗಿದ್ದು ನಿಮ್ದು."