ಮಸ್ಕತ್ತಿನಲ್ಲಿ ಲಿಂಗಣ್ಣನ ತಲೆ ತಪಾಸಣೆ

ಪರದೇಶಕ್ಕೆ ಹೋದವರು ಖರ್ಜೂರ ತರುತ್ತಾರೆ, ಅತ್ತರು ತರುತ್ತಾರೆ. ಶಹಾಪುರದ ಪಾತ್ರೆ ಅಂಗಡಿ ಲಿಂಗಣ್ಣನಿಗೆ ಮಾತ್ರ ಮಸ್ಕತ್ತಿಗೆ ಹೋಗಿ ಹದಿನೈದು ದಿನವಾಗುವುದರೊಳಗೆ ತಲೆಗೆ ಇಪ್ಪತ್ತೊಂದು ವೈರು ಅಂಟಿಸಿಕೊಳ್ಳುವ ಯೋಗ ಬಂತು.

ಮಗಳು ಮಲ್ಲೇಶ್ವರಿ ಅಲ್ಲಿನ ಆಸ್ಪತ್ರೆಯೊಂದರಲ್ಲಿ ನರ್ಸು. ಅವಳ ಮನೆಯಲ್ಲಿ ತಿಂಗಳೊಪ್ಪತ್ತು ಇದ್ದು ಬರೋಣವೆಂದು ಲಿಂಗಣ್ಣ ಹೆಂಡತಿ ಶಿವಬಸಮ್ಮನೊಡನೆ ಬಂದಿದ್ದ. ಒಂದು ಮಧ್ಯಾಹ್ನ ಬಜಾರಿನಲ್ಲಿ ತಾಮ್ರದ ಹೂಜಿಯೊಂದನ್ನು ಬೆರಳಿನಿಂದ ಬಾರಿಸಿ, "ಇದು ಬರೇ ಲೇಪಾ" ಎಂದು ತೀರ್ಪು ಕೊಡುತ್ತಿದ್ದವನು ಹೂಜಿಯ ಸಮೇತ ನೆಲಕ್ಕೆ ಬಿದ್ದ. ಅರೆ ನಿಮಿಷ ಕೈಕಾಲು ಅದುರಿದವು. (ಹೂಜಿಗೆ ಏನೂ ಆಗಲಿಲ್ಲ. ಗಟ್ಟಿ ಮಾಲೇ ಇತ್ತು.)

ನರರೋಗದ ಡಾಕ್ಟರು, ಇದು ಫಿಟ್ಸ್ ಇರಬಹುದು, ಇಲ್ಲದೆಯೂ ಇರಬಹುದು, ಮೆದುಳಿನ ವಿದ್ಯುತ್ತನ್ನು ಅಳೆದು ನೋಡಬೇಕು, ಅಲ್ಲಿಯವರೆಗೆ ವಿಮಾನ ಹತ್ತುವಂತಿಲ್ಲ ಎಂದರು. ಲಿಂಗಣ್ಣ ಬೆರಳು ಮಡಚಿ ಲೆಕ್ಕ ಹಾಕಿದ. ಫಿಟ್ಸ್ ಅಂದರೆ ಸ್ಕೂಟರ್ ಬಂದ್, ಬಾವಿಗಿಳಿದು ಈಜುವುದು ಬಂದ್, ಈಗಂತೂ ಊರೇ ಬಂದ್.

ತಪಾಸಣೆಯ ತಯಾರಿಯ ಫರ್ಮಾನನ್ನು ಮಗಳು ಓದಿದಳು. ತಲೆಗೆ ಎಣ್ಣೆ ಹಚ್ಚಬಾರದು. ಚಹಾ ಕುಡಿಯಬಾರದು. ರಾತ್ರಿಯಿಡೀ ಎಚ್ಚರವಿದ್ದು, ಬೆಳಿಗ್ಗೆ ವೈರು ಅಂಟಿಸಿದ ಮೇಲೆ ನಿದ್ದೆ ಮಾಡಬೇಕು.

"ಮಲಗಸಾಕಂತ ಎಬ್ಬಿಸಿ ಕೂಡಸ್ತಾರಂತ! ಇದ್ಯಾವ ಹಕೀಮಿ?" ಎಂದು ಲಿಂಗಣ್ಣ ಸಿಡುಕಿದ.

"ಎಬ್ಬಸಾಕ ನಾ ಅದೀನಲ್ಲ" ಎಂದು ಶಿವಬಸಮ್ಮ ಸೆರಗು ಸಿಕ್ಕಿಸಿದಳು.

ರಾತ್ರಿ ಫರಸಿಯ ಮೇಲೆ ಸೀಮೆಸುಣ್ಣದಿಂದ ಚೌಕಾಬಾರದ ಮನೆ ಬರೆದು, ಹುಣಸೆ ಬೀಜ ಹಿಡಿದು ಗಂಡನನ್ನು ಎದುರಿಗೆ ಕೂರಿಸಿಕೊಂಡಳು. ಎರಡನೇ ಆಟಕ್ಕೇ ಅವನ ಗದ್ದ ಎದೆಗೆ ತಾಗಿತು.

"ಏನ್ರೀ, ಮಲಗಿದ್ರೇನು?"

"ಇಲ್ಲ, ಯಾವ ಕಾಯಿ ನಡಸಬೇಕಂತ ವಿಚಾರ ಮಾಡಾಕತ್ತೀನಿ."

"ಗೊರಕಿ ಹೊಡಕೋತ ವಿಚಾರ ಮಾಡ್ತಾರೇನ್ರೀ?" ಎನ್ನುತ್ತಾ ಹಸಿ ಟವೆಲ್ಲನ್ನು ಅವನ ಮುಖಕ್ಕೆ ಒತ್ತಿದಳು. ಬೆಳಗಾಗುವಷ್ಟರಲ್ಲಿ ಅವಳು ಒಂಬತ್ತು ಆಟ ಗೆದ್ದಿದ್ದಳು. (ಕೊನೆಯ ಮೂರರಲ್ಲಿ ಅವನ ಕಾಯಿಯನ್ನೂ ಅವಳೇ ನಡೆಸಿದ್ದಳು.)

ಆಸ್ಪತ್ರೆಯಲ್ಲಿ ವೈರು ಅಂಟಿಸುವವಳು ಹೈದರಾಬಾದಿನ ಗೌಹರಬೇಗಂ. ಅವಳ ಬಾಯಲ್ಲಿ ತನ್ನ ಬಜಾರಿನ ಉರ್ದು ಕೇಳಿದ್ದೇ ಲಿಂಗಣ್ಣನಿಗೆ ಹೋದ ಜೀವ ಬಂದಂತಾಯಿತು. "ಬಸ್ ಚಾಚಾ, ಅಬ್ ಸೋ ಜಾವ್" ಎಂದು ಅವಳು ದೀಪ ಸಣ್ಣದು ಮಾಡಿದಳು. ಇನ್ನು ಮಲಗು ಎಂದದ್ದೇ ತಡ, ರಾತ್ರಿಯಿಡೀ ಕಾಡಿದ್ದ ನಿದ್ದೆ ಎತ್ತಲೋ ಓಡಿಹೋಯಿತು. ತಲೆಯೊಳಗೆ ಏನಾದರೂ ಸಿಕ್ಕಿಬಿಟ್ಟರೆ? ಕಣ್ಣು ಮುಚ್ಚಿ ತಲೆಯ ಮೇಲಿನ ವೈರು ಎಣಿಸತೊಡಗಿದ. ಅರ್ಧ ತಾಸಾದರೂ ನಿದ್ದೆಯಿಲ್ಲ.

ಮನೆಯಲ್ಲಿ ಹೇಗೆ ಮಲಗುತ್ತೀರಿ ಎಂದು ಗೌಹರಬೇಗಂ ಕೇಳಿದಳು. ಹೆಂಡತಿ ಮಾತಿಗೆ ಶುರು ಹಚ್ಚಿಕೊಂಡರೆ ನಿದ್ದೆ ತಾನಾಗಿಯೇ ಬರುತ್ತದೆ ಎಂದು ಲಿಂಗಣ್ಣ ಖರೇ ಹೇಳಿಬಿಟ್ಟ. ಅವಳು ನಗು ನುಂಗಿಕೊಂಡು ಹೋಗಿ ಶಿವಬಸಮ್ಮನನ್ನು ಒಳಗೆ ಕರೆತಂದು, ಏನಾದರೂ ಮಾತಾಡಿ ಎಂದಳು.

ಮೂವತ್ತೆರಡು ವರ್ಷದ ಸಂಸಾರದಲ್ಲಿ ಮೊದಲ ಸಲ ಶಿವಬಸಮ್ಮನಿಗೆ ಮಾತು ಹೊರಡಲಿಲ್ಲ. ವೈರುಗಳ ನಡುವೆ ಸಣ್ಣದಾಗಿ ಕಾಣುತ್ತಿದ್ದ ಆ ಮುಖವನ್ನು ನೋಡಿ, "ಅವತ್ತು ನೀವು ಬಿದ್ರಲ್ಲ, ನನಗ ಕೈಕಾಲೇ ಆಡಲಿಲ್ಲರಿ" ಎಂದಳು. ಲಿಂಗಣ್ಣನ ಕಣ್ಣು ಇನ್ನಷ್ಟು ದೊಡ್ಡವಾದವು.

ಹೀಗಾದರೆ ನಡೆಯದು ಎಂದು ಗೌಹರಬೇಗಂ ತಲೆಯಾಡಿಸಿದಳು. ಶಿವಬಸಮ್ಮ ಮೂಗೊರೆಸಿಕೊಂಡು ದನಿ ಏರಿಸಿದಳು. "ಅಲ್ಲರೀ, ಸಗರದಾಗ ನಿಮ್ಮ ಅಕ್ಕನ ಮಗನ ಮದುವ್ಯಾಗ ನನಗ ಎಂಥಾ ಸೀರಿ ಆಯೇರಿ ಮಾಡಿದ್ರು? ಒಗದ್ರ ಕರವಸ್ತ್ರ ಆಗೋವಂಥಾದ್ದು..."

ಸೀರೆಯ ಅಂಚಿನವರೆಗೆ ಬರುವಷ್ಟರಲ್ಲಿ ಗೊರಕೆ ಕೇಳಿಸಿತು.

ಮಧ್ಯಾಹ್ನ ಡಾಕ್ಟರು ಹೇಳಿದ್ದನ್ನು ಮಲ್ಲೇಶ್ವರಿ ತಿಳಿಸಿದಳು. "ಅಪ್ಪಾ, ಎಲ್ಲಾ ಛಲೋ ಅದ. ಫಿಟ್ಸ್ ಅಲ್ಲಂತ. ಅವತ್ತು ಬಿ.ಪಿ. ಒಮ್ಮೆಲೆ ಇಳದು ಬಿದ್ದೀಯಂತ. ಅದರ ಗುಳಿಗಿ ಅವತ್ತು ಎಷ್ಟ ತಗೊಂಡಿದ್ದಿ?"

"ಒಂದ."

ಶಿವಬಸಮ್ಮ ಅವನನ್ನೇ ದಿಟ್ಟಿಸಿದಳು. "ಖರೇ ಹೇಳ್ರಿ."

"ಮೂರು" ಎಂದ ಲಿಂಗಣ್ಣ, ನೆಲ ನೋಡುತ್ತಾ. "ಹಿಂದಿನ ಎರಡು ದಿನದ್ದು ಮರತಿದ್ದೆ. ನಿನಗ ಗೊತ್ತಾದ್ರ ಬೈತಿ ಅಂತ ಒಮ್ಮೆಲೆ ತಗೊಂಡೆ."

ಮಗಳು ಅದನ್ನು ಅನುವಾದಿಸಿದಾಗ ಡಾಕ್ಟರು ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. ಅತ್ತದ್ದಕ್ಕಲ್ಲ. ದಿನಕ್ಕೆ ಒಂದೇ ಗುಳಿಗೆ, ಮರೆತದ್ದು ಮರೆತಂತೆಯೇ ಇರಲಿ ಎಂದು ಚೀಟಿ ಬರೆದರು.

ಶಿವಬಸಮ್ಮ ಅಬ್ಬೆತುಮಕೂರಿನ ಮಠ ಯಾವ ದಿಕ್ಕಿಗೆ ಬರುತ್ತದೆಂದು ಮಗಳನ್ನು ಕೇಳಿ, ಅತ್ತ ಕೈಮುಗಿದಳು. ಮನೆಗೆ ಬಂದು ಗಂಡನ ಕೂದಲಿಗೆ ಮೆತ್ತಿದ ಅಂಟನ್ನು ಬಿಸಿನೀರಿನಲ್ಲಿ ಮೂರು ಸಲ ತಿಕ್ಕಿ ತೊಳೆದಳು. ನೆತ್ತಿಗೆ ಎಣ್ಣೆ ಹಚ್ಚಿ, ಕಡಕ್ ಚಹಾ ಕೊಟ್ಟಳು. ಅವಳ ಕೈ ಇಷ್ಟು ಮೆತ್ತಗಿರುವುದನ್ನು ಕಂಡು ಲಿಂಗಣ್ಣನಿಗೆ ಹಗುರವೂ ಆಯಿತು, ದಿಗಿಲೂ ಆಯಿತು.

"ಬೈಯಂಗಿಲ್ಲೇನು?"

"ಇದು ಮಗಳ ಮನಿ. ಗ್ವಾಡಿ ತೆಳ್ಳಗವ, ಆಜುಬಾಜು ಮಂದಿ ಅದಾರ" ಎಂದಳು ಶಿವಬಸಮ್ಮ ಶಾಂತವಾಗಿ. "ಶಹಾಪುರಕ್ಕ ಹೋದ ಮ್ಯಾಲ ಮಾತಾಡೂಣು."

ಲಿಂಗಣ್ಣ ಸದ್ದಿಲ್ಲದೆ ಎದ್ದು ಅಡುಗೆಮನೆಗೆ ಹೋಗಿ ಮಗಳ ಕಿವಿಯಲ್ಲಿ ಉಸುರಿದ. "ಯವ್ವಾ ಮಲ್ಲಮ್ಮಾ, ಡಾಕ್ಟರಿಗೆ ಹೇಳಿ, ಇನ್ನೊಂದು ತಿಂಗಳು ವಿಮಾನ ಹತ್ತಬಾರದಂತ ಬರಸವ್ವಾ."

"ಆಗಂಗಿಲ್ಲಪ್ಪಾ" ಎಂದಳು ಮಗಳು. "ಯಾವಾಗ ಬೇಕಾದ್ರೂ ಹತ್ತಬಹುದಂತ ಬರದು ಕೊಟ್ಟಾರ. ಅವ್ವ ಆಗಲೇ ಗುರುವಾರದ ಟಿಕೀಟು ಮಾಡಿಸ್ಯಾಳ."